ಒಗರಿಗೆ ಎಣ್ಣೆಗಾಯಿ

ಮೊಮ್ಮಗಳು ಭಾಗ್ಯಾಳಿಗೆ ಕೆಲಸ ಸಿಕ್ಕಿತು ಅಂತ ಸುದ್ದಿ ಬಂದ ದಿನ ನಾನು ಓಣಿಯ ಮನೆ ಮನೆಗೂ ಹೋಗಿ ಸಕ್ಕರೆ ಕೊಟ್ಟು ಬಂದೆ. ಸಂತೋಷದಲ್ಲಿ ಮರೆತು ಎರಡು ಮನೆಗೆ ಮತ್ತೊಮ್ಮೆ ಕೊಟ್ಟೆನಂತೆ. ಅವರೂ ಬೇಡ ಅನ್ನಲಿಲ್ಲ. ವಿಜಯಪುರದ ಕಡೆ ದ್ರಾಕ್ಷಿಯಿಂದ ವೈನ್ ತೆಗೆಯುವ ಕಂಪನಿಯೊಂದರಲ್ಲಿ ಅವಳ ಕೆಲಸ. ನೋಡಲು ಬಂದ ಮಂದಿಗೆ ವೈನ್ ರುಚಿ ತೋರಿಸಬೇಕು, ಯಾವುದರ ಜೊತೆ ಏನು ಉಂಡರೆ ಸೊಗಸು ಅಂತ ತಿಳಿಸಿ ಹೇಳಬೇಕು. ಬೀಗರು ಕೇಳಿದರೆ ನನ್ನ ಮಗಳು, ಅಂದರೆ ಭಾಗ್ಯಾಳ ತಾಯಿ, "ಹಣ್ಣಿನ ಕಂಪನಿ" ಅಂತ ಹೇಳಿ ಮಾತು ತಿರುಗಿಸುತ್ತಾಳೆ. ನಾನು ಮಾತ್ರ ವೈನ್ ಕಂಪನಿ ಅಂತಲೇ ಹೇಳುತ್ತೇನೆ, ಅದೂ ಸ್ವಲ್ಪ ಗಟ್ಟಿಯಾಗಿ.

ಸೇರಿದ ಹೊಸದರಲ್ಲೇ ಅವಳ ಫೋನ್ ಬಂತು.

"ಅಜ್ಜಿ, ಕೆಂಪು ವೈನ್ ಕುಡದವ್ರು ನಾಲಿಗಿ ಒಣಗಿದಂಗ ಆಗ್ತದ ಅಂತಾರ. ನಮ್ಮ ಸಾಹೇಬ್ರು ಅದಕ್ಕೊಂದು ಇಂಗ್ಲಿಷ್ ಶಬ್ದ ಹೇಳಿಕೊಟ್ಟಾರ. ಹಳ್ಳಿ ಮಂದಿ ಬಂದ್ರ ಕನ್ನಡದೊಳಗ ಏನಂತ ಹೇಳ್ಲಿ?"

"ಒಗರು ಅನ್ನು."

"ಅಷ್ಟೇನಾ?"

"ಅಷ್ಟೇ. ಅದೊಂದು ಮಾತಿನ ಮ್ಯಾಲ ನಮ್ಮ ಮನಿಯೊಳಗ ಏನೇನು ನಡದದ, ನಿನಗೇನು ಗೊತ್ತು."

"ಹಂಗಾರ ಬರದು ಕೊಡು ಅಜ್ಜಿ. ನನ್ನ ಜೋಡಿ ಸೇರಿದ ಹುಡುಗ್ರಿಗೂ ಓದಸ್ತೀನಿ."

ನಾನು ಕಮಲಾಪುರದ ಸಾಲಿಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವಳು. ಬರೆದು ಅಭ್ಯಾಸವಿಲ್ಲ. ಆದರೆ ಮೊಮ್ಮಗಳು ಕೇಳಿದ ಮೇಲೆ ಸುಮ್ಮನೆ ಕುಳಿತುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಹೋಟೆಲ್ ಅಡುಗೆಮನೆಗೆ ಹೊಸದಾಗಿ ಸೇರುವ ಮಕ್ಕಳಿಗೆ ಉಪಯೋಗವಾದರೆ ಆಗಲಿ ಅಂತ ಬರೆಯುತ್ತಿದ್ದೇನೆ.

ನನ್ನ ಕೆಲಸ ರೊಟ್ಟಿ ಬಡಿಯುವುದು. ಕಲಬುರಗಿಯನ್ನು ಆಗ ಎಲ್ಲರೂ ಗುಲಬರ್ಗಾ ಅನ್ನುತ್ತಿದ್ದರು. ಎಂಬತ್ತರ ದಶಕದಲ್ಲಿ ನಾನು, ನಮ್ಮ ಮನೆಯವರು ಕಮಲಾಪುರ ಬಿಟ್ಟು ಬಂದು ಶಹಾಬಜಾರದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದೆವು. ಅವರು ಕಿರಾಣಿ ಸಗಟು ಅಂಗಡಿಯಲ್ಲಿ ಮೂಟೆ ಹೊರುತ್ತಿದ್ದರು. ನಾನು ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯ ಒಂದು ಖಾನಾವಳಿಯಲ್ಲಿ ರೊಟ್ಟಿಗೆ ನಿಂತೆ. ಖಾನಾವಳಿಯ ಸಾವಕಾರರು ಮೊದಲ ದಿನ ನನ್ನ ಹೆಸರು ಸಹ ಕೇಳಲಿಲ್ಲ. ನನ್ನ ಕೈಯಿಂದ ಒಂದು ರೊಟ್ಟಿ ಬಡಿಸಿ, ಅದನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದರು. "ನಡುವ ಚಲೋ ಅದ. ನಾಳಿಂದ ಬಾ" ಅಂದರು. ನಡುವೆ ಚೆನ್ನಾಗಿದೆ ಅಂದರೆ ಅಂಚು ಚೆನ್ನಾಗಿಲ್ಲ ಅಂತ ಅರ್ಥ. ಅದು ನನಗೆ ಗೊತ್ತೇ ಇತ್ತು. ಮದುವೆಯಾಗಿ ಬಂದಾಗಿನಿಂದ ನಮ್ಮ ಅತ್ತೆಯವರು ದಿನಾ ಅದನ್ನೇ ಹೇಳುತ್ತಿದ್ದರು: "ಮಾದೇವಿ, ಅಂಚು ದಪ್ಪ ಆಗ್ಯದ." ರೊಟ್ಟಿ ಬಡಿಯಲು ಕಲಿಸಿದವರೇ ಅವರು, ಗುರಮ್ಮ ಅಂತ ಅವರ ಹೆಸರು. ಊಟಕ್ಕೆ ಕುಳಿತರೆ ಮೊದಲು ಹೆಬ್ಬೆರಳಿನಿಂದ ರೊಟ್ಟಿಯ ಸುತ್ತ ಸವರುವರು, ಆಮೇಲೆ ಮುರಿಯುವರು.

ಹೊಸಬರಿಗೆ ಒಂದು ಮಾತು. ಹಿಟ್ಟು ಹಳೆಯದಾದರೆ ಜಿಗಿ ಇರುವುದಿಲ್ಲ, ರೊಟ್ಟಿ ಒಡೆಯುತ್ತದೆ. ಒಮ್ಮೆ ಮಳೆಗಾಲದಲ್ಲಿ ಸಾವಕಾರರು ಅಗ್ಗಕ್ಕೆ ಸಿಕ್ಕಿತು ಅಂತ ಹಳೆ ಜೋಳ ಬೀಸಿಸಿಕೊಂಡು ಬಂದರು. ಆ ವಾರವೆಲ್ಲ ನಾನು ಬಡಿದದ್ದು ರೊಟ್ಟಿ ಅಲ್ಲ, ಹೆಂಚಿನ ಚೂರು. ಗಿರಾಕಿಯೊಬ್ಬರು ತಾಟಿನಲ್ಲಿ ಚೂರುಗಳನ್ನು ಕೂಡಿಸಿ ಇಟ್ಟು, "ಸಾವಕಾರ್ರ, ಇದನ್ನ ಜೋಡಿಸಿದ್ರ ಏನು ಚಿತ್ರ ಬರ್ತದ?" ಅಂತ ಕೇಳಿದರು. ಸಾವಕಾರರು ನಕ್ಕು, ಮರುದಿನವೇ ಹೊಸ ಜೋಳ ತಂದರು. ತಪ್ಪು ತಮ್ಮದು ಅಂತ ಗೊತ್ತಾದರೆ ಅವರು ಮತ್ತೊಬ್ಬರ ಮೇಲೆ ಹಾಕುತ್ತಿರಲಿಲ್ಲ. ಅಂಥ ಧಣಿ ಸಿಕ್ಕಿದ್ದು ನನ್ನ ಪುಣ್ಯ.

ಮುಂದೆ ಕಟ್ಟಿಗೆ ಒಲೆ ಹೋಗಿ ಗ್ಯಾಸ್ ಬಂತು. ಗ್ಯಾಸಿನ ಉರಿ ಹೆಂಚಿನ ನಡುವೆ ಮಾತ್ರ ಹತ್ತುತ್ತದೆ, ಸುತ್ತಲೂ ಹರಡುವುದಿಲ್ಲ. ಹೊಸದರಲ್ಲಿ ರೊಟ್ಟಿ ನಡುವೆ ಕರಕಾಗಿ, ಅಂಚು ಹಸಿಯಾಗಿ ಬರುತ್ತಿತ್ತು. ಮೊದಲೇ ನನ್ನ ಅಂಚು ದಪ್ಪ. ಹೆಂಚು ತಿರುಗಿಸುತ್ತಾ ತಿರುಗಿಸುತ್ತಾ ಕಲಿತೆ.

ತೊಂಬತ್ತರ ದಶಕದಲ್ಲಿ ಖಾನಾವಳಿಯ ಬೋರ್ಡ್ ಬದಲಾಯಿತು. ಬಾರ್ ಅಂಡ್ ರೆಸ್ಟೋರೆಂಟ್ ಆಯಿತು. ಸಾವಕಾರರು ನನ್ನನ್ನು ಕರೆದು ಹೇಳಿದರು: "ಮಾದೇವಿ, ನಿನ್ನ ಒಲಿ ಹಿಂದಿನ ಖೋಲಿಯೊಳಗ ಇರ್ತದ. ಬಾಟ್ಲಿ ಆ ಹೊಸ್ತಿಲ ದಾಟೂದಿಲ್ಲ. ಹಿಂದಿನ ಬಾಗಿಲದಿಂದ ಬಾ, ಹಿಂದಿನ ಬಾಗಿಲದಿಂದ ಹೋಗು. ಕತ್ತಲಾಗೂದ್ರೊಳಗ ಆಟೋ ಕರಸ್ತೀನಿ." ಕೊನೆಯವರೆಗೂ ಆ ಮಾತು ಉಳಿಸಿಕೊಂಡರು. ಕುಡಿದ ಗಿರಾಕಿ ಒಬ್ಬರೂ ನನ್ನ ಒಲೆಯ ಕಡೆ ಇಣುಕಿ ನೋಡಲಿಲ್ಲ. ನೋಡಲು ಬಂದರೆ ಅಡ್ಡ ನಿಲ್ಲಲು ಮಹಿಬೂಬ ಇದ್ದ. ಮೋಮಿನಪುರದವನು, ಬಡಿಸುವವರಲ್ಲಿ ಹಿರಿಯ. ನನ್ನನ್ನು ಅಕ್ಕಾ ಅನ್ನುತ್ತಿದ್ದ. ಸ್ವಂತ ತಮ್ಮನಿಗಿಂತ ಹೆಚ್ಚು ನೋಡಿಕೊಂಡ.

ಬಾರ್ ಆದ ಮೇಲೆ ಬಂದ ಹುಣ್ಣಿಮೆಗೆ, ಅತ್ತೆಯವರು ಇದ್ದ ಕಮಲಾಪುರಕ್ಕೆ ಹೋದೆವು. ನಾನೇ ರೊಟ್ಟಿ ಬಡಿದು ಅತ್ತೆಯವರ ಮುಂದೆ ತಾಟು ಇಟ್ಟೆ. "ಇವತ್ತ ನನ್ನ ಉಪವಾಸ ಅದ" ಅಂದರು. ಅಮಾವಾಸ್ಯೆಗೆ ಹೋದಾಗಲೂ ಉಪವಾಸ. ಮುಂದಿನ ಸಲ ನಾನು ಕೇಳಿಯೇ ಬಿಟ್ಟೆ.

"ಅತ್ತಿ, ನನ್ನಿಂದ ಏನರೆ ತಪ್ಪಾಗ್ಯದೇನ್ರಿ?"

ಅವರು ತಾಟನ್ನು ಮೆಲ್ಲಗೆ ಬದಿಗೆ ಸರಿಸಿದರು. "ನಿನ್ನ ಮ್ಯಾಲ ಸಿಟ್ಟಿಲ್ಲ ತಂಗಿ. ನನ್ನ ಕೊಳ್ಳಾಗ ಲಿಂಗ ಅದ. ಕುಡಿಯವ್ರಿಗಿ ಬಡದ ಕೈ ರೊಟ್ಟಿ ನನ್ನ ಗಂಟಲೊಳಗ ಇಳಿಯಂಗಿಲ್ಲ."

"ಹಂಗಾರ ಕೆಲಸ ಬಿಡ್ಲೇನ್ರಿ?"

"ಬಿಡು ಅಂತ ಯಾರಂದಾರ? ಮಕ್ಕಳ ಸಾಲಿ ಹೆಂಗ ನಡೀಬೇಕು? ಬಿಡಬ್ಯಾಡ."

ಕೆಲಸ ಬಿಡಲೂ ಬೇಡ, ರೊಟ್ಟಿ ಕೊಡಲೂ ಬೇಡ. ಅಂದಿನಿಂದ ನಾನು ಹೋದಾಗೆಲ್ಲ ಅವರು ತಮ್ಮ ಒಲೆ ಹೊತ್ತಿಸಿಕೊಂಡು ತಮ್ಮ ರೊಟ್ಟಿ ತಾವೇ ಬಡಿದುಕೊಳ್ಳುವರು. ನನಗೂ ಎರಡು ಬಡಿದು ಕೊಡುವರು. ನಾನು ಉಣ್ಣುವಾಗ ಬಾಳೆಹಣ್ಣು ಸುಲಿದು ಕೈಗಿಡುವರು. ನಮ್ಮ ಕಮಲಾಪುರದ ಕೆಂಬಾಳೆ, ಮನೆ ಹಿಂದಿನ ತೋಟದ್ದು. ಪ್ರೀತಿಗೆ ಏನೂ ಕೊರತೆ ಇರಲಿಲ್ಲ. ಆದರೆ ನನ್ನ ಅಂಚು ದಪ್ಪ ಆಗಿದೆಯೋ ತೆಳ್ಳಗಾಗಿದೆಯೋ ಹೇಳುವವರು ಇಲ್ಲದೆ ಹೋದರು. ದಿನಾ ನೂರಾರು ಮಂದಿ ನನ್ನ ರೊಟ್ಟಿ ಉಣ್ಣುತ್ತಿದ್ದರು. ನನಗೆ ಬೇಕಾಗಿದ್ದದ್ದು ಒಬ್ಬರೇ ಒಬ್ಬರು ಉಣ್ಣುವುದು. ವರ್ಷ ವರ್ಷ ಕಳೆದರೂ ಅದೊಂದು ಆಸೆ ಹೋಗಲಿಲ್ಲ.

ಇನ್ನು ವೈನಿನ ಮಾತಿಗೆ ಬರುತ್ತೇನೆ. ನಮ್ಮ ಊರಲ್ಲಿ ಯಾವ ಸರಾಯಿ ಅಂಗಡಿ ನೋಡಿದರೂ ಬೋರ್ಡಿನ ಮೇಲೆ "ವೈನ್ಸ್" ಅಂತ ದೊಡ್ಡದಾಗಿ ಬರೆದಿರುತ್ತದೆ. ಒಳಗೆ ವೈನ್ ಒಂದು ಬಿಟ್ಟು ಎಲ್ಲ ಇರುತ್ತದೆ. ಹೀಗಾಗಿ ನಾನು ಎಷ್ಟೋ ವರ್ಷ ವೈನ್ ಅಂದರೆ ಎಲ್ಲ ಬಾಟಲಿಗೂ ಸೇರಿಸಿ ಹೇಳುವ ಮಾತು ಅಂದುಕೊಂಡಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ, ವಿಜಯಪುರದ ಕಡೆಯ ದ್ರಾಕ್ಷಿಯ ಕೆಂಪು ವೈನ್ ಮಾರುವವನೊಬ್ಬ ನಮ್ಮ ಸಾವಕಾರರ ಹತ್ತಿರ ಬಂದ. ಊರಿಗೆ ಹೊಸದಾಗಿ ಬಂದ ಡಾಕ್ಟರರು, ಎಂಜಿನಿಯರರು ಹೆಂಡತಿಯರನ್ನು ಕರೆದುಕೊಂಡು ಊಟಕ್ಕೆ ಬರುತ್ತಿದ್ದ ಕಾಲ. ನಮ್ಮ ನೆಲದ ದ್ರಾಕ್ಷಿ, ನಮ್ಮ ಹೋಟೆಲಿನಲ್ಲೂ ಇರಲಿ ಅಂತ ಸಾವಕಾರರು ಇಳಿಸಿಕೊಂಡರು. ಪೆಟ್ಟಿಗೆ ಒಳಗೆ ಬಂದಾಗ ಮಹಿಬೂಬ ನನ್ನ ಬಾಗಿಲಲ್ಲಿ ನಿಂತು ಹೇಳಿದ: "ಅಕ್ಕಾ, ಇಷ್ಟು ದಿನ ಬೋರ್ಡಿನ ಮ್ಯಾಲ ಕುಂತಿತ್ತು. ಇವತ್ತ ಒಳಗ ಬಂತು ನೋಡು."

ತಮಾಷೆ ಏನೆಂದರೆ, ಆ ವೈನಿನ ಜವಾಬ್ದಾರಿ ಹೊತ್ತ ನಾವ್ಯಾರೂ ಕುಡಿಯುವವರಲ್ಲ. ಸಾವಕಾರರಿಗೆ ಸಕ್ಕರೆ ಕಾಯಿಲೆ, ಹನಿಯೂ ಮುಟ್ಟುತ್ತಿರಲಿಲ್ಲ. ಮಹಿಬೂಬ ಐದು ಹೊತ್ತು ನಮಾಜಿನವನು. ನನ್ನ ವಿಷಯ ಕೇಳುವುದೇ ಬೇಡ. ಕುಡಿಯುವ ಅಡುಗೆಯವರು ಇಬ್ಬರಿದ್ದರು. ಅವರು ಒಂದು ಗುಟುಕು ಕುಡಿದು, ಇದು ಶರಬತ್ತೂ ಅಲ್ಲ ಸರಾಯಿಯೂ ಅಲ್ಲ ಅಂತ ಮುಖ ತಿರುಗಿಸಿದರು. ಹಾಗಾಗಿ ರುಚಿ ತಿಳಿಯಲು ನಮಗೆ ಉಳಿದ ದಾರಿ ಒಂದೇ, ಗಿರಾಕಿಯ ಮುಖ. ಮಹಿಬೂಬ ಟೇಬಲಿನ ಹತ್ತಿರ ನಿಂತು ನೋಡಿಕೊಂಡು ಬರುವನು. ನನ್ನ ಬಾಗಿಲಿಗೆ ಬಂದು ಅದೇ ಮುಖ ಮಾಡಿ ತೋರಿಸುವನು. ಅವನು ಮಾಡುವ ಮುಖಗಳಿಗೆ ನಗುತ್ತಾ ನಾನು ಎಷ್ಟು ರೊಟ್ಟಿ ಸುಟ್ಟೆನೋ.

ಮೊದಲ ಮುಖ ಬಂದದ್ದು ಬೇಸಿಗೆಯಲ್ಲಿ. ಮಾರುವವನು ಹೇಳಿ ಹೋಗಿದ್ದ, ಕೆಂಪು ವೈನ್ ಫ್ರಿಜ್ಜಿನಲ್ಲಿ ಇಡಬೇಡಿ, ರೂಮ್ ಟೆಂಪರೇಚರ್‌ನಲ್ಲಿ ಇಡಿ ಅಂತ. ನಾವು ರೂಮಿನಲ್ಲೇ ಇಟ್ಟೆವು. ಆ ರೂಮು ನಮ್ಮ ಊರಿನ ರೂಮು, ಮೇಲೆ ತಗಡಿನ ಪತ್ರಾಸು. ಹಂಡೆಯ ನೀರು ಕಾಯಿಸದೆಯೇ ಸ್ನಾನಕ್ಕೆ ಬರುವಂಥ ದಿನಗಳು. ಒಬ್ಬ ಡಾಕ್ಟರರು ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು.

"ಏನಪಾ ಮಹಿಬೂಬ, ನೆಗಡಿ ಆಗ್ಯದಂತ ನಾ ಹೇಳಿದ್ನೇನು? ಕಷಾಯ ತಂದೀಯಲ್ಲ."

ಮರುದಿನ ಸಾವಕಾರರು ಬಾಟಲಿಗಳನ್ನು ಬರ್ಫದ ಪೆಟ್ಟಿಗೆಯಲ್ಲಿ ಹೂತರು. ಅದೂ ಕೆಟ್ಟಿತು. ವಾಸನೆ ಸತ್ತುಹೋಗಿ ಬರೀ ಚುಚ್ಚುವ ರುಚಿ ಉಳಿಯಿತಂತೆ. ಕೊನೆಗೆ ಸಾವಕಾರರೇ ತಮ್ಮ ತಾಯಿ ಬೇಸಿಗೆಯಲ್ಲಿ ಬೆಣ್ಣೆ ಇಡುತ್ತಿದ್ದದ್ದನ್ನು ನೆನಪು ಮಾಡಿಕೊಂಡರು. ಕುಡಿಯುವ ನೀರಿನ ಮಣ್ಣಿನ ಗಡಿಗೆಯ ಕೆಳಗೆ ಉಸುಕು ಇರುತ್ತದಲ್ಲ, ಆ ಹಸಿ ಉಸುಕಿನಲ್ಲಿ ಬಾಟಲಿ ಮಲಗಿಸಿ ಮೇಲೆ ಒದ್ದೆ ಗೋಣಿತಾಟು ಹೊದಿಸಿದೆವು. ಅದು ಹದವಾಯಿತು. ಬಿರಡೆ ತೆಗೆದಾಗ ವಾಸನೆ ನನ್ನ ಒಲೆಯವರೆಗೂ ಬಂತು. ಮಹಿಬೂಬ ಚಿಕ್ಕವನಿದ್ದಾಗ ಅತ್ತರ್ ಅಂಗಡಿಯಲ್ಲಿ ಕೆಲಸ ಮಾಡಿದವನು, ಅವನ ಮೂಗು ಬಹಳ ಚುರುಕು. ಬಿರಡೆಯನ್ನು ಮೂಗಿಗೆ ಹಿಡಿದು ಹೇಳಿದ: "ಮೊದಲ ನೇರಳಿಹಣ್ಣು ಬರ್ತದ. ಅದರ ಹಿಂದ ಲವಂಗ. ಕಡೀಕ ಹಳೆ ಸಂದೂಕ ತೆಗದಂಗ ಕಟ್ಟಿಗಿ ವಾಸನಿ." ಆಮೇಲೆ ಗಿರಾಕಿಗಳು ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ.

ಇನ್ನೊಂದು ಎಡವಟ್ಟಿನಲ್ಲಿ ನನ್ನ ಪಾಲೂ ಇತ್ತು. ಸಾವಕಾರರಿಗೆ ನಮ್ಮ ಕಮಲಾಪುರದ ಕೆಂಬಾಳೆ ಅಂದರೆ ಬಹಳ ಅಭಿಮಾನ. ಕೆಂಪು ವೈನಿಗೆ ಕೆಂಪು ಬಾಳೆಹಣ್ಣು, ನಮ್ಮ ನೆಲದ್ದಕ್ಕೆ ನಮ್ಮ ನೆಲದ್ದು, ಜೋಡಿ ಎಷ್ಟು ಚೆಂದ ಅಂದರು. ನನಗಂತೂ ಹಿಗ್ಗು. ಅತ್ತೆಯವರ ತೋಟದಿಂದಲೇ ಗೊನೆ ತರಿಸಿದೆ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ತಾಟಿನಲ್ಲಿ ಹೂವಿನ ಹಾಗೆ ಜೋಡಿಸಿ ಕಳಿಸಿದೆ. ಮಹಿಬೂಬ ವಾಪಸು ಬಂದು ಒಂದು ಕಣ್ಣು ಮುಚ್ಚಿ, ಬಾಯಿ ಸೊಟ್ಟ ಮಾಡಿ ತೋರಿಸಿದ.

"ಏನಾಯ್ತೋ?"

"ಹಣ್ಣು ತಿಂದು ಕುಡದ್ರ ಹುಣಸಿನೀರು ಕುಡದಂಗ ಆಗ್ತದಂತ. ನಿಮ್ಮೂರ ಹಣ್ಣು ಭಾಳ ಸಿಹಿ ಅಕ್ಕಾ. ಅದರ ಮುಂದ ಪಾಪ ಯಾವ ವೈನ್ ನಿಂದ್ರತದ."

ಸಿಹಿ ತಿಂದ ಬಾಯಿಗೆ ಕೆಂಪು ವೈನ್ ಹುಳಿ ಆಗುತ್ತದೆ. ನಮ್ಮಂಥ ಕುಡಿಯದವರು ಬಣ್ಣ ನೋಡಿ ಜೋಡಿ ಮಾಡಿದ್ದರ ಫಲ ಅದು. ಅಂದಿನಿಂದ ಕೆಂಬಾಳೆಗೆ ಊಟವೆಲ್ಲ ಮುಗಿದು ಗ್ಲಾಸು ಎತ್ತಿದ ಮೇಲೆಯೇ ಪಾಳಿ.

ಅದೇ ಹೊತ್ತಿಗೆ ಅತ್ತೆಯವರ ಕಣ್ಣಿಗೆ ಪೊರೆ ಬಂತು. ಕಮಲಾಪುರದಿಂದ ಕರೆತಂದು ಇಲ್ಲಿಯ ದವಾಖಾನೆಯಲ್ಲಿ ಆಪರೇಷನ್ ಮಾಡಿಸಿದೆವು. ಡಾಕ್ಟರರು ಕರಿ ಕನ್ನಡಕ ಹಾಕಿ, ಒಲೆಯ ಮುಂದೆ ಕೂಡಬಾರದು, ಹೊಗೆ ತಗುಲಬಾರದು, ಬಗ್ಗಿ ಹಿಟ್ಟು ನಾದಬಾರದು ಅಂತ ತಾಕೀತು ಮಾಡಿದರು. ಅವರು ಬಗ್ಗಬಹುದು ಅನ್ನುವವರೆಗೆ ಅತ್ತೆ ನಮ್ಮ ಖೋಲಿಯಲ್ಲೇ ಇರಬೇಕಾಯಿತು. ಇದ್ದದ್ದು ಒಂದೇ ಒಲೆ, ಬಡಿಯುವ ಕೈ ನನ್ನದೊಂದೇ.

ಈಗಲಾದರೂ ಉಣ್ಣುತ್ತಾರೆ ಅಂದುಕೊಂಡೆ. ಉಣ್ಣಲಿಲ್ಲ. ಹಾಲು, ಚುರುಮುರಿ, ಊರಿಂದ ತಂದ ಬಾಳೆಹಣ್ಣು, ಇಷ್ಟರಲ್ಲೇ ದಿನ ತೆಗೆಯತೊಡಗಿದರು. ಪಕ್ಕದ ಮನೆಯಾಕೆ ಕನಿಕರಪಟ್ಟು ಬಿಸಿ ರೊಟ್ಟಿ ತಂದಳು. ಅತ್ತೆಯವರು ಅದನ್ನೂ ಮುಟ್ಟಲಿಲ್ಲ. "ಡಾಕ್ಟರ್ ರೊಟ್ಟಿ ಬ್ಯಾಡಂದಾರವ್ವ, ಅಗಿದ್ರ ಕಣ್ಣಿಗಿ ಜಗ್ತದಂತ" ಅಂದು ಕಳಿಸಿದರು. ಡಾಕ್ಟರರು ಹಾಗೆ ಹೇಳಿರಲೇ ಇಲ್ಲ. ಅವಳು ಹೋದ ಮೇಲೆ ನಾನು ಕೇಳಿದೆ.

"ಅತ್ತಿ, ಆಕಿ ಕೈದಾದ್ರೂ ಉಣ್ಣಬಾರದೇನ್ರಿ? ಆಕಿ ಯಾವ ಹೋಟೆಲಕ್ಕೂ ಹೋಗಂಗಿಲ್ಲ."

"ಮನಿಯೊಳಗ ಸೊಸಿ ಇದ್ದು ಮಂದಿ ಮನಿ ರೊಟ್ಟಿ ಉಂಡ್ರ, ಓಣಿಯೊಳಗ ನಿನ್ನ ಮಾನ ಏನು ಉಳೀತದ?"

ನನ್ನ ರೊಟ್ಟಿ ಉಣ್ಣಲಾರರು, ನನ್ನ ಮಾನ ಹೋಗಲು ಬಿಡಲಾರರು. ಎರಡರ ನಡುವೆ ಆ ಮುದಿಜೀವ ಚುರುಮುರಿ ತಿಂದುಕೊಂಡು ಕುಳಿತಿತ್ತು. ಕೊರಳಿನ ಎಲುಬುಗಳು ಕಾಣತೊಡಗಿದವು. ನಮ್ಮ ಮನೆಯವರು ಒಂದು ದಿನ ತಾವೇ ಹಿಟ್ಟು ಕಲಸಿ ನೋಡಿದರು. ಅದು ರೊಟ್ಟಿಯೂ ಆಗಲಿಲ್ಲ, ಅಂಬಲಿಯೂ ಆಗಲಿಲ್ಲ.

ಹೋಟೆಲಿನಲ್ಲಿ ವೈನ್ ಇನ್ನೂ ದಾರಿಗೆ ಬಂದಿರಲಿಲ್ಲ. ತಂಪು ಹದವಾಯಿತು, ಸಿಹಿಯ ತಪ್ಪು ತಿಳಿಯಿತು, ಆದರೂ ಗ್ಲಾಸುಗಳು ಅರ್ಧಕ್ಕೇ ವಾಪಸು ಬರುತ್ತಿದ್ದವು. ಒಂದು ಮಧ್ಯಾಹ್ನ ಮಹಿಬೂಬ ಹೊಸ ಮುಖ ಮಾಡಿ ತೋರಿಸಿದ. ಕೆನ್ನೆ ಒಳಗೆ ಎಳೆದುಕೊಂಡು, ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಟಪ್ ಅನ್ನಿಸಿದ. ನೋಡಿದ ತಕ್ಷಣ ಗುರುತು ಸಿಕ್ಕಿತು. ಕಮಲಾಪುರದ ತೋಟದಲ್ಲಿ ಹಣ್ಣಾಗದ ಬಾಳೆಕಾಯಿ ಕಚ್ಚಿದ ಮಕ್ಕಳೆಲ್ಲ ಮಾಡುವ ಮುಖ ಅದು.

"ಒಗರೇನೋ?"

"ಹೌ ಅಕ್ಕಾ, ಅದೇ. ಎಲ್ಲಾರೂ ಅದೇ ಅಂತಾರ, ಹೆಸರು ಗೊತ್ತಿರಲಿಲ್ಲ. ಸಾವಕಾರ್ರು ಪೆಟಗಿ ವಾಪಸ್ ಕಳಸೋಣು ಅನ್ಲಾಕತ್ತಾರ."

ಸಂಜೆ ಮನೆಗೆ ಬಂದು ಅತ್ತೆಯವರಿಗೆ ಹಾಲು ಕಾಸಿ ಕೊಟ್ಟೆ. ಕರಿ ಕನ್ನಡಕದೊಳಗಿಂದ ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ.

"ಯಾಕ, ದನಿ ಸಣ್ಣ ಆಗ್ಯದ? ಸಾವಕಾರ ಏನರೆ ಅಂದನೇನು?"

"ಇಲ್ರಿ ಅತ್ತಿ. ಹೋಟೆಲದಾಗ ಹೊಸಾದೊಂದು ಬಂದದ. ಒಗರು ಒಗರು ಅಂತ ಮಂದಿ ವಾಪಸ್ ಕಳಸ್ಲಾಕತ್ತಾರ."

"ಏನದು?"

ಮುಚ್ಚಿಡಲು ಮನಸ್ಸಾಗಲಿಲ್ಲ. "ದ್ರಾಕ್ಷಿ ಹಣ್ಣಿನ ವೈನ್ ರಿ" ಅಂದೆ.

ಅವರು ಗ್ಲಾಸು ಕೆಳಗಿಟ್ಟು ಗೋಡೆಯ ಕಡೆ ಹೊರಳಿ ಮಲಗಿದರು. ಆಡಬಾರದ ಮಾತು ಆಡಿದೆ ಅಂತ ನನ್ನನ್ನು ನಾನೇ ಬೈದುಕೊಂಡೆ.

ಬೆಳಗ್ಗೆ ಕಸ ಗುಡಿಸುತ್ತಿದ್ದೆ. ಹೊರಸಿನ ಮೇಲಿಂದ ದನಿ ಬಂತು.

"ಬಾಳಿಕಾಯಿ ಒಗರೋ, ನೇರಳಿಹಣ್ಣಿನ ಒಗರೋ?"

"ಏನಂದ್ರಿ?"

"ಆ ನಿಮ್ಮ ರಸದ್ದು. ಬಾಳಿಕಾಯಿದು ನಾಲಿಗಿಗಿ ಅಂಟ್ತದ. ನೇರಳಿದು ಹಲ್ಲಿಗಿ ಹತ್ತತದ. ಎರಡೂ ಬ್ಯಾರೆ ಅವ."

"ಕೇಳ್ಕೊಂಡು ಬರ್ತೀನ್ರಿ."

"ಕೇಳ್ಕೊಂಡು ಬಾ. ಕುಡದು ನೋಡಬ್ಯಾಡ ಮತ್ತ."

ಮಹಿಬೂಬ ಆ ದಿನ ಬಂದ ಗಿರಾಕಿಗಳನ್ನು ಕೇಳಿಯೇ ಬಂದ. ಹಲ್ಲಿಗೆ ಹತ್ತುತ್ತದೆ ಅಂದರಂತೆ. ಸಂಜೆ ಬಂದು ಹೇಳಿದೆ. ಅತ್ತೆಯವರು ಎದ್ದು ಕುಳಿತರು. ಅಷ್ಟು ದಿನದಲ್ಲಿ ಅವರ ದನಿಯಲ್ಲಿ ಅಂಥ ಹುರುಪು ಕೇಳಿರಲಿಲ್ಲ.

"ಅದರ ಜೋಡಿ ತಿನ್ನಾಕ ಏನು ಕೊಡ್ತೀರಿ?"

"ಮೆಣಸಿನಕಾಯಿ ಭಜಿ, ರೊಟ್ಟಿ, ಕೆಂಪು ಖಾರ."

"ಒಗರಿನ ಮ್ಯಾಲ ಖಾರ ಹಾಕ್ತೀರಾ? ಆ ಮಂದಿ ನಿಮಗೇನು ಮಾಡ್ಯಾರ? ಬಾಯಿ ಬೆಂಕಿ ಹತ್ತಿರಬೇಕು."

"ಮತ್ತ ಏನು ಕೊಡಬೇಕ್ರಿ?"

"ಬಾಳಿಕಾಯಿ ಹೆಚ್ಚೂ ಮುಂದ ಕೈಗಿ ಎಣ್ಣಿ ಯಾಕ ಸವರ್ಕೋತೀವಿ? ಒಗರಿಗಿ ಜಿಡ್ಡು ಬೇಕು. ಜಿಡ್ಡು ಸಿಕ್ರ ಅದಕ್ಕ ಹತ್ಕೊಂಡು ಸುಮ್ಮ ಕುಂದರ್ತದ. ಇಲ್ಲಂದ್ರ ನಿನ್ನ ನಾಲಿಗಿಗಿ ಹತ್ತತದ. ಎಣ್ಣಿಗಾಯಿ ಮಾಡು. ನಿಮ್ಮ ಹೋಟೆಲದಂಗ ಅಲ್ಲ, ನನ್ನಂಗ."

ಅಲ್ಲೇ ಕುಳಿತು ಒಂದೊಂದಾಗಿ ಹೇಳಿದರು. ಬದನೆಕಾಯಿ ಎಳೆಯವು, ಮುಷ್ಟಿಗೆ ಎರಡು ಬರುವಂಥವು. ಶೇಂಗಾ ಸಣ್ಣ ಉರಿಯಲ್ಲಿ, ಸಿಪ್ಪೆ ತಾನೇ ಬಿಡುವವರೆಗೆ ಹುರಿಯಬೇಕು. ಎಳ್ಳು ಅದರ ಅರ್ಧ, ಒಣಕೊಬ್ಬರಿ ಅದಕ್ಕೂ ಕಡಿಮೆ. ಖಾರ ಹೆಸರಿಗೆ ಮಾತ್ರ. ಹುಣಸೆ ಚಿಟಿಕೆ. ಮಸಾಲೆ ತುಂಬಿ ಎಣ್ಣೆಯಲ್ಲಿ ಮುಚ್ಚಿಟ್ಟು, ನೀರು ತೋರಿಸದೆ ಬೇಯಿಸಬೇಕು, ಎಣ್ಣೆ ಮೇಲೆ ಬಂದು ನಿಲ್ಲಬೇಕು. "ಬೆಲ್ಲ ಹಾಕಬ್ಯಾಡ. ಸಿಹಿ ತಿಂದು ಕುಡದ್ರ ಹುಳಿ ಆಯ್ತು ಅಂತ ನೀನೇ ಹೇಳ್ದಿ." ಏನು ಕುಡಿದರು ಅನ್ನುವುದನ್ನು ಬಿಟ್ಟು, ಬಾಳೆಹಣ್ಣಿನ ಎಡವಟ್ಟು ಹೇಳಿ ನಾನು ಎಂದೋ ನಕ್ಕಿದ್ದೆ. ಅವರು ಮರೆತಿರಲಿಲ್ಲ.

ಮರುದಿನ ಹಾಗೆಯೇ ಮಾಡಿದೆ. ಕಷಾಯ ಅಂದಿದ್ದ ಡಾಕ್ಟರರೇ ಅಂದು ಹೆಂಡತಿಯೊಂದಿಗೆ ಬಂದಿದ್ದರು. ಮಹಿಬೂಬ ಎಣ್ಣೆಗಾಯಿ, ಬಿಸಿ ರೊಟ್ಟಿ ಇಟ್ಟು, ವೈನ್ ಸುರಿದು, ಕಂಬದ ಪಕ್ಕ ನಿಂತ. ನಾನು ಒಲೆ ಸಣ್ಣ ಮಾಡಿ ಬಾಗಿಲ ಕಡೆ ನೋಡುತ್ತಾ ಕುಳಿತೆ. ಬಹಳ ಹೊತ್ತಾದರೂ ಅವನು ಬರಲಿಲ್ಲ. ಬಂದಾಗ ಯಾವ ಮುಖವನ್ನೂ ಮಾಡಲಿಲ್ಲ.

"ಮುಖ ತೋರಸೋ. ಏನಾಯ್ತು?"

"ತೋರಸಲಾಕ ಮುಖಾನೇ ಇಲ್ಲ ಅಕ್ಕಾ. ಸುಮ್ಮ ಉಣ್ಲಾಕತ್ತಾರ. ರೊಟ್ಟಿ ಮತ್ತ ಕೇಳ್ಯಾರ, ಗ್ಲಾಸೂ ಮತ್ತ ಕೇಳ್ಯಾರ."

ಪೆಟ್ಟಿಗೆ ವಾಪಸು ಹೋಗಲಿಲ್ಲ. ಆ ಒಂದು ಎಳೆ ಹಿಡಿದು ಮುಂದಿನ ವರ್ಷಗಳಲ್ಲಿ ನಾವು ಬಹಳ ಕಲಿತೆವು. ಭಾಗ್ಯಾ, ನಿನ್ನ ಸಾಹೇಬರು ಇಂಗ್ಲಿಷಿನಲ್ಲಿ ಹೇಳಿಕೊಟ್ಟದ್ದರ ಪಕ್ಕದಲ್ಲಿ ಇದನ್ನೂ ಇಟ್ಟುಕೋ. ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಎಣ್ಣೆ ಹಾಕಿ ಕಲಸಿ ರೊಟ್ಟಿಯೊಂದಿಗೆ ಕೊಟ್ಟರೆ ಕೆಂಪು ವೈನ್ ಮೆತ್ತಗಾಗುತ್ತದೆ. ಅದೇ ಹಿಂಡಿಗೆ ಮೊಸರು ಹಾಕಿದರೆ ಎರಡೂ ಕೆಡುತ್ತವೆ. ಪುಂಡಿಸೊಪ್ಪಿನ ಪಲ್ಯದ ಹುಳಿ, ವೈನಿನ ಹುಳಿ ಕೂಡಿದರೆ ಜಗಳ ಅಂದುಕೊಂಡಿದ್ದೆವು. ಬೆಳ್ಳುಳ್ಳಿ ಒಗ್ಗರಣೆ ಜೋರಾಗಿದ್ದರೆ ಎರಡೂ ಹೊಂದಿಕೊಂಡು ಹೋದವು. ಮಹಿಬೂಬ ಮನೆಯಿಂದ ತಹರಿ ಕಟ್ಟಿಸಿಕೊಂಡು ಬರುತ್ತಿದ್ದ. ಒಮ್ಮೆ ಅದರ ವಾಸನೆ ಹಿಡಿದು ಗಿರಾಕಿಯೊಬ್ಬರು ಕೇಳಿ ಉಂಡರು. ಲವಂಗದ ಅನ್ನಕ್ಕೂ ಲವಂಗದ ವಾಸನೆಯ ವೈನಿಗೂ ಸ್ನೇಹ ಬಹಳ ಅಂದರು. ಅವರು ಉಂಡದ್ದು ಮಹಿಬೂಬನ ಮಧ್ಯಾಹ್ನದ ಊಟ. ಅಂದು ಅವನು ನನ್ನ ಹತ್ತಿರ ರೊಟ್ಟಿ ಉಂಡ. ಆಚೆ ಒಲೆಯ ಅಡುಗೆಯವರು ಜಿಡ್ಡು ಇರುವ ಮಟನ್ನಿಗೂ ಇದೇ ಲೆಕ್ಕ ಹಿಡಿಯುತ್ತದೆ ಅಂತ ಕಂಡುಕೊಂಡರು. ಖಾರವೇ ಬೇಕು ಅನ್ನುವವರಿಗೆ ಸಾವಕಾರರೇ ಕೈಮುಗಿದು ಬೀರು ಕುಡೀರಿ ಅನ್ನುತ್ತಿದ್ದರು. ಇಷ್ಟೆಲ್ಲ ಆದರೂ ಆ ವೈನಿನ ಒಂದು ಹನಿ ಇವತ್ತಿನವರೆಗೆ ನನ್ನ ನಾಲಿಗೆಗೆ ಬಿದ್ದಿಲ್ಲ. ಉಣ್ಣುವವರ ಮುಖ ನೋಡಿ ಕಲಿತದ್ದೇ ನನಗೆ ಸಾಕಾಗಿದೆ. ನೀವು ಏನೇ ಓದಿ ಬಂದಿರಿ, ಮುಖ ನೋಡುವುದನ್ನು ಬಿಡಬೇಡಿ.

ಡಾಕ್ಟರರು ಎಣ್ಣೆಗಾಯಿ ಉಂಡ ಆ ಸಂಜೆಯ ಮಾತು ಉಳಿದಿದೆ. ಖೋಲಿಗೆ ಬಂದು ಕಾಲು ತೊಳೆಯುವುದರೊಳಗೆ ಅತ್ತೆಯವರು ಕೇಳಿದರು.

"ಉಂಡ್ರೇನು?"

"ರೊಟ್ಟಿ ಮತ್ತ ಕೇಳಿ ಉಂಡ್ರುರಿ."

"ಎಣ್ಣಿಗಾಯಿ ಉಳಿತಾ?"

"ಪಾತೇಲಿ ತೊಳದಂಗ ಆಗ್ಯದ್ರಿ ಅತ್ತಿ. ಸಾವಕಾರ್ರಿಗೂ ಉಳೀಲಿಲ್ಲ. ಯಾರು ಕಲಿಸ್ಯಾರ ಅಂತ ಕೇಳಿದ್ರು, ನಮ್ಮ ಅತ್ತಿ ಅಂತ ಹೇಳ್ದೆ."

ಅವರು ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಾಣದಿದ್ದರೂ ಅವುಗಳ ಕಡೆಯೇ ಮುಖ ಬಗ್ಗಿಸಿ ಕುಳಿತರು. ಹೊರಗೆ ನೀರಿನ ನಳ ಬಂದು, ಓಣಿಯ ಹೆಂಗಸರ ಕೊಡಗಳ ಸಪ್ಪಳ ಕೇಳುತ್ತಿತ್ತು. ನಾನೂ ಕೊಡ ತೆಗೆದುಕೊಂಡು ಹೊರಟೆ.

"ಕೊಡ ಇಡು. ಇಲ್ಲಿ ಬಾ" ಅಂದರು. ಹೋಗಿ ಹೊರಸಿನ ಹತ್ತಿರ ಕುಳಿತೆ.

"ಎಣ್ಣಿಗಾಯಿ ನಂದು. ಅಲ್ಲಿ ಕುಡಿಯವ್ರು ಉಂಡಾರ ಅಂದ್ರ ನನ್ನ ಕೈದೇ ಉಂಡಂಗಾಯ್ತು. ನಾ ಇಲ್ಲೇ ಕುಂತೀನಿ, ನನ್ನ ಕೈ ಆ ಮನಿಗಿ ಹೋಗಿ ಬಂತು. ಹೌದಿಲ್ಲೋ?"

"ಹೌದ್ರಿ" ಅಂದೆ.

"ಇನ್ನ ನಿನ್ನ ಕೈಗಿ ಏನಂತ ಅನ್ಲಿ ಮಾದೇವಿ. ಹಿಟ್ಟು ಅದೋ ಇಲ್ಲೋ?"

ಹಿಟ್ಟು ಇತ್ತು. ನೀರು ಕಾಯಿಸಿದೆ, ನಾದಿದೆ, ಬಡಿದೆ. ಅಷ್ಟು ವರ್ಷ ಬಡಿದ ಕೈಯಾದರೂ, ರೊಟ್ಟಿ ಎತ್ತಿ ಹೆಂಚಿಗೆ ಹಾಕುವಾಗ ಒಂದು ಕಡೆ ಹರಿಯಿತು, ಒತ್ತಿ ಕೂಡಿಸಿದೆ. ಬಿಸಿ ಇರುವಾಗಲೇ ತಾಟಿನಲ್ಲಿ ಹಾಕಿ, ತುಪ್ಪ ಸವರಿ, ಅವರ ಕೈಗೆ ಮುಟ್ಟಿಸಿದೆ.

ಅವರು ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಹೆಬ್ಬೆರಳಿನಿಂದ ರೊಟ್ಟಿಯ ಸುತ್ತ ಮೆಲ್ಲಗೆ ಸವರಿದರು. ನಾನು ಕೂಡಿಸಿದ ಕಡೆ ಬೆರಳು ನಿಂತಿತು. ಅಲ್ಲಿಂದಲೇ ಮುರಿದು ಬಾಯಿಗಿಟ್ಟರು.

"ಅಂಚು ದಪ್ಪ ಆಗ್ಯದ" ಅಂದರು. ನುಂಗಿದ ಮೇಲೆ ಮತ್ತೆ ಅಂದರು, "ಇನ್ನೊಂದು ಬಡಿ. ಈ ಸಲ ನೋಡ್ಕೊಂಡು ಬಡಿ."